ರೊಟ್ಟಿ ಕುಂಟತೈತಿ

ಶರ್ಟಿನ ತೋಳಿಗೆ ಕಫ್ ಕೂರಿಸುವವಳು ನಾನು.
ಹರಿಹರ ರಸ್ತೆಯ ಗಾರ್ಮೆಂಟ್ಸು, ನಾಲ್ಕನೇ ಲೈನು,
ಕಿಟಕಿಯಿಂದ ಏಳನೇ ಮಷೀನು.
ಗಂಟೆಗೆ ಎಂಬತ್ತು ಜೋಡಿ, ಎಂಟು ಗಂಟೆ.
ಮಗಳು ಗಣಿತದ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದಳು:
ದಿನಕ್ಕೆ ಸಾವಿರದ ಇನ್ನೂರ ಎಂಬತ್ತು ಮಣಿಕಟ್ಟು.
"ಅವ್ವಾ, ನಿಂದು?" ಅಂದಳು.
ನನ್ನವು ಎರಡೇ.

ಮೊದಲು ಹೋದದ್ದು ಬಳೆ.
ಬಾತ ಕೈಗೆ ಸೋಪು ಹಚ್ಚಿ ಜಾರಿಸಿ ತೆಗೆದೆ.
ಆಮೇಲೆ ರೊಟ್ಟಿ.
ತಟ್ಟುವ ಸದ್ದಿನಲ್ಲಿ ನಡುವೆ ಒಂದು ಏಟು ತಪ್ಪುತ್ತಿತ್ತು.
ಗೋಡೆಯಾಚೆಯಿಂದ ಮೆಹಬೂಬಿ ಕೇಳಿದಳು,
"ಯಾಕೆ ಹಾಲಮ್ಮಾ, ಇವತ್ತು ರೊಟ್ಟಿ ಕುಂಟತೈತಿ?"
ಆಮೇಲೆ ಮಗಳ ಜಡೆ. ಬಿಗಿಯಾಗದೆ
ಸ್ಕೂಲಿನ ಗೇಟು ಮುಟ್ಟುವ ಮೊದಲೇ ಬಿಚ್ಚಿಕೊಳ್ಳುತ್ತಿತ್ತು.
ರಾತ್ರಿ ಎರಡಕ್ಕೆ ಎದ್ದು ಕೂತು
ಜೋಮು ಹಿಡಿದ ಬೆರಳು ಕೊಡವುತ್ತಿದ್ದೆ,
ಒಣಗಿದ ಕೈಯಿಂದ ನೀರು ಕೊಡವಿದ ಹಾಗೆ.

ಇಎಸ್ಐ ಡಾಕ್ಟರು ಚೀಟಿ ಬರೆಯುತ್ತಲೇ ಹೇಳಿದರು,
"ಕೈಗೆ ರೆಸ್ಟು ಕೊಡಮ್ಮ."
ಕೈ ನನ್ನದು ಸರಿ.
ರೆಸ್ಟು ಕಂಪನಿಯದು ಸ್ವಾಮಿ.

ಮಾವನಿಗೆ ಮಾತು ಕೇಳುವುದಿಲ್ಲ.
ಮೂವತ್ತು ವರ್ಷದ ಹಿಂದೆ ಮುಚ್ಚಿದ ಮಿಲ್ಲಿನ ಭೋಂಗಾ ಮಾತ್ರ
ಇನ್ನೂ ಬೆಳಿಗ್ಗೆ ಆರಕ್ಕೆ ಕೇಳುತ್ತದಂತೆ.
ಕಿವಿ ಹೋದವನ ಕಣ್ಣು ಚುರುಕು.
ನನ್ನನ್ನು ಬೋರಲು ಬಕೆಟ್ಟಿನ ಮೇಲೆ ಕೂರಿಸಿ
ಎದುರಿಗೆ ಟ್ರಂಕು ಎಳೆದು, "ಹೊಲಿ" ಅಂದ.
ದಾರವಿಲ್ಲ, ಬಟ್ಟೆಯಿಲ್ಲ, ಹೊಲಿದೆ.
"ಮೊಣಕೈ ಮೇಜಿಗಿಂತ ಕೆಳಗೈತಿ ನೋಡು.
ತೋಳು ಮಾಡೋ ಕೆಲಸ ಮಣಿಕಟ್ಟು ಒಂದೇ ಮಾಡತೈತಿ.
ನಮ್ಮ ಸ್ಪಿನ್ನಿಂಗಿನಾಗೆ ಗಿಡ್ಡಿಯರೆಲ್ಲಾ
ಕಾಲಡಿಗೆ ಇಟ್ಟಿಗೆ ಇಟ್ಕಂಡೇ ನಿಲ್ತಿದ್ರು.
ಮಷೀನು ಬಗ್ಗಲ್ಲ ತಾಯಿ, ನೀನು ಏಳು."

ಟಿಫಿನ್ ಚೀಲದಲ್ಲಿ ದಿನಕ್ಕೆರಡು ಇಟ್ಟಿಗೆ.
ಹೋಗುವಾಗ ಮೈ ತಡಕುವ ಗೇಟಿನವನು
ಬರುವಾಗ ತಡಕುವುದಿಲ್ಲ.
ಸ್ಟೂಲಿನ ನಾಲ್ಕು ಕಾಲಿಗೆ ನಾಲ್ಕು.
ಮೂರನೇ ದಿನ, ಕಾಲು ಎಟುಕದೆ, ಪೆಡಲಿನಡಿ ಒಂದು ಹಲಗೆ.
ಮೇಲೆ ಕೂತು ನೋಡಿದರೆ
ಮೂರು ವರ್ಷದಿಂದ ನನ್ನ ಮುಂದೆಯೇ ಕೂತ
ಕರಿಬಸಮ್ಮನ ಬೈತಲೆ ಕಂಡಿತು, ನೆರೆತದ್ದು.
ಅವಳದು ಕಾಲರ್, ಅವಳಿಗೆ ಭುಜ ನೋವು.
ಊಟದ ನಂತರ ಅವಳು ನನ್ನ ಜಾಗಕ್ಕೆ, ನಾನು ಅವಳದಕ್ಕೆ.
ನೋವು ಹುಡುಕಿಕೊಂಡು ಬಂದರೆ ಸೀಟಿನಲ್ಲಿ ಆಳು ಬೇರೆ!
ಒಂದು ಬಂಡಲ್ ಮುಗಿದು ಇನ್ನೊಂದು ಬರುವತನಕ
ಅಂಗೈ ಮೇಲಾಗಿ ತೊಡೆಯ ಮೇಲೆ, ಸುಮ್ಮನೆ.

ಆಡಿಟ್ಟಿನವರು ಬಂದ ದಿನ
ಇಟ್ಟಿಗೆಗಳೆಲ್ಲ ಬಾತ್‌ರೂಮಿನ ಮೂಲೆ ಸೇರಿದವು.
ಮಾರನೆಯ ದಿನ ಎಣಿಸಿ ತಂದರೆ ಇಪ್ಪತ್ತಾರು.
ಯಾರು ಯಾವಾಗ ಹೊತ್ತು ತಂದರೋ.

ಸ್ಟಾಪ್‌ವಾಚಿನ ತಿಪ್ಪೇಶ, ಡಿಪ್ಲೊಮಾ ಹುಡುಗ,
ನನ್ನ ಬೆನ್ನ ಹಿಂದೆ ನಿಂತು ಬರೆದುಕೊಂಡ:
'ಮಷೀನ್ ಏಳು. ಖಾಲಿ ಕೈ, ಇಪ್ಪತ್ತು ಸೆಕೆಂಡು. ನಷ್ಟ.'
"ನಾಲ್ಕು ಗಂಟೆಗೆ ಬಾರಪ್ಪ," ಅಂದೆ.
ನಾಲ್ಕಕ್ಕೆ ಬಂದ.
ಹಿಂದೆಲ್ಲ ಆ ಹೊತ್ತಿಗೆ ಅರವತ್ತಕ್ಕೆ ಇಳಿಯುತ್ತಿದ್ದ ಕೈ
ಎಪ್ಪತ್ತೊಂಬತ್ತು ಕೊಟ್ಟಿತ್ತು, ಬಿಚ್ಚಿ ಹೊಲಿಯುವಂಥದ್ದು ಒಂದೂ ಇಲ್ಲದೆ.
ಏನೂ ಅನ್ನಲಿಲ್ಲ. ಹೋದ.

ಮುಂದಿನ ವಾರ ಬಂದವನು ಹಲಗೆ ಕೆಳಗಿಟ್ಟು
ಹೆಬ್ಬೆರಳು ತೋರಿಸಿದ. ಬುಡದಲ್ಲಿ ಕೆಂಪು ಊತ.
"ಅಕ್ಕಾ, ಗುಂಡಿ ಒತ್ತೀ ಒತ್ತೀ...
ರಾತ್ರಿ ಬೈಕಿನ ಕ್ಲಚ್ಚು ಹಿಡಿಯಾಕಾಗಲ್ಲ."
ಕರಿಬಸಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.
ಆ ಗಡಿಯಾರ ಇಸಿದುಕೊಂಡು ಪಕ್ಕಕ್ಕಿಟ್ಟೆ.
ಕಫ್ಫಿನ ಬಂಡಲಿನ ಮೇಲೆ
ಅವನ ಕೈ ಅಂಗಾತ ಮಲಗಿಸಿದೆ.
ಇಬ್ಬರೂ ಬಾಯಲ್ಲೇ ಎಣಿಸಿದೆವು,
ಇಪ್ಪತ್ತರ ತನಕ.
ಅವನು ಬರೆದುಕೊಳ್ಳಲಿಲ್ಲ.

ರೊಟ್ಟಿ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ.
ಮೂರರಲ್ಲಿ ಒಂದು ಈಗಲೂ ಕುಂಟುತ್ತದೆ.
ಗೋಡೆಯಾಚೆ ಮೆಹಬೂಬಿ
ದಿನಾ ಎಣಿಸುತ್ತಾಳೆ.